ನೆರಳನ್ನಷ್ಟೇ ತೆಗೆಯಿರಿ

ಕಳೆದ ವೈಶಾಖದಲ್ಲಿ ನನ್ನ ತಮ್ಮನ ಮಗಳ ಮದುವೆ, ಬೆಂಗಳೂರಿನ ಹೊರವಲಯದ ತೋಟವೊಂದರಲ್ಲಿ ನಡೆಯಿತು. ಅಭಿಜಿನ್ ಲಗ್ನ. ಧಾರೆ ಮುಗಿದೊಡನೆ ವಧೂವರರನ್ನು ಬಟ್ಟಬಯಲಿನಲ್ಲಿ ನಿಲ್ಲಿಸಿ ಚಿತ್ರ ತೆಗೆದರು. ತಿಂಗಳ ಮೇಲೆ ಆಲ್ಬಮ್ ಬಂದಿತು. ಮುಖದ ಮೇಲೆ ಎಲ್ಲಿಯೂ ನೆರಳಿರಲಿಲ್ಲ. ಎಣ್ಣೆಗಪ್ಪಿನ ನಮ್ಮ ಲಕ್ಷಣವಾದ ಹುಡುಗಿಯೂ ಇರಲಿಲ್ಲ! ನೆರಳಿನೊಡನೆ ಆಕೆಯ ಮೈಬಣ್ಣವನ್ನೂ ತೊಳೆದಿದ್ದರು. "ದೊಡ್ಡಪ್ಪ, ಇದು ನಾನೇನಾ?" ಎಂದು ಆಕೆ ನಕ್ಕಳು. ನನಗೆ ನಗು ಬರಲಿಲ್ಲ.

ತರಗತಿಯಲ್ಲಿ ಹೇಳಿದ್ದು ನಿಮಗೆ ನೆನಪಿರಬಹುದು: ಬೆಳಕಿನ ಮೂಲ ಕಿರಿದಾಗಿ ಕಂಡಷ್ಟೂ ನೆರಳಿನ ಅಂಚು ಹರಿತ. ಸೂರ್ಯಬಿಂಬ ನಮಗೆ ಕಾಣುವುದು ಅರ್ಧ ಡಿಗ್ರಿಯಷ್ಟೇ ಅಗಲ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸಿನಲ್ಲಿ ಆತ ನಡುಹಗಲು ನೇರ ನೆತ್ತಿಗೇ ಬರುತ್ತಾನೆ. ಆಗ ಹುಬ್ಬಿನ ನೆರಳು ಕಣ್ಣನ್ನು ನುಂಗುತ್ತದೆ. ಮೂಗಿನದು ತುಟಿಯ ಮೇಲೆ ಮೀಸೆಯಂತೆ ಬೀಳುತ್ತದೆ.

ಅದನ್ನು ಕಂಪ್ಯೂಟರಿನಲ್ಲಿ ತಿದ್ದಲು ಸಾಧ್ಯ. 14 ಬಿಟ್‌ನ 'ರಾ' ಕಡತದಲ್ಲಿ ಪ್ರತಿ ವರ್ಣಕ್ಕೂ 16,384 ಹಂತಗಳಿಗೆ ಎಡೆಯುಂಟು. ಸಾಮಾನ್ಯ ಜೆಪೆಗ್‌ನಲ್ಲಿ 256 ಮಾತ್ರ. ಹೀಗಾಗಿ ಕತ್ತಲೆಯೊಳಗಿನ ವಿವರವನ್ನು 'ರಾ' ಕಡತದಿಂದ ಹೆಚ್ಚು ಚೆನ್ನಾಗಿ ಮೇಲೆತ್ತಬಹುದು. ಆದರೆ ಕಣ್ಣಿನ ಗುಳಿ, ಗದ್ದದ ಅಡಿ ಇವನ್ನಷ್ಟೇ ಆರಿಸಿ ಹದವಾಗಿ ತಿಳಿಗೊಳಿಸಬೇಕು. ಇಡೀ ಮುಖಕ್ಕೆ ಬಿಳುಪು ಬಳಿದರೆ, ಕಪ್ಪು ಬಣ್ಣವೇ ಒಂದು ಕುಂದೆಂದು ಒಪ್ಪಿಕೊಂಡಂತೆ.

ಇದಕ್ಕಿಂತ ಸುಲಭವಾದ ಉಪಾಯ, ಛಾಯಾಗ್ರಾಹಕನಿಗೆ ಹತ್ತು ನಿಮಿಷ ಕೊಡುವುದು. ಮರದಡಿಯ ಚುಕ್ಕೆ ಬಿಸಿಲು ಬೇಡ. ಚಪ್ಪರದ ಅಂಚಿನಲ್ಲೋ ಗೋಡೆಯ ಮಗ್ಗುಲಲ್ಲೋ ಒಂದೇ ಸಮನಾದ ನೆರಳಿನಲ್ಲಿ, ತೆರೆದ ಆಕಾಶದ ಕಡೆಗೆ ಮುಖಮಾಡಿ ನಿಲ್ಲಲಿ. ಬಿಸಿಲು ಅನಿವಾರ್ಯವಾದರೆ ಹುಡುಗನೊಬ್ಬ ಎದುರಿಗೆ ಬಿಳಿಯ ಥರ್ಮೊಕೋಲ್ ಹಲಗೆ ಹಿಡಿಯಲಿ, ಇಲ್ಲವೇ ಹಗಲಿನಲ್ಲಿಯೇ ಫ್ಲ್ಯಾಷ್ ಬಳಸಲಿ. ನಾವಾದರೋ ಊಟದ ಪಂಕ್ತಿಗೆ ಹೊತ್ತಾಯಿತೆಂದು ಅವನನ್ನು ಅವಸರಪಡಿಸುತ್ತೇವೆ.

ಸ್ಟುಡಿಯೊದವರನ್ನು ವಿಚಾರಿಸಿದೆ. "ಬೆಳ್ಳಗೆ ಮಾಡಿಕೊಡಪ್ಪ ಅಂತ ನಿಮ್ಮ ಮನೆಯ ಹಿರಿಯರೇ ಹೇಳಿದ್ದರು ಮೇಷ್ಟ್ರೇ" ಎಂದರು. ತಲೆತಗ್ಗಿಸಿದೆ. ಅದೃಷ್ಟವಶಾತ್ ಮೂಲ ಕಡತಗಳು ಉಳಿದಿದ್ದವು, ಮತ್ತೆ ತಿದ್ದಿಸಿದೆವು. ಈಗ ಆಲ್ಬಮ್ಮಿನಲ್ಲಿ ನಮ್ಮ ಹುಡುಗಿಯೇ ಇದ್ದಾಳೆ.

ನಿಮ್ಮಲ್ಲಿ ಅನೇಕರು ಈಗ ಮಕ್ಕಳ ಮದುವೆಯ ಸಿದ್ಧತೆಯಲ್ಲಿದ್ದೀರಿ. ಮೂಲ ಕಡತಗಳನ್ನು ಕೇಳಿ ಪಡೆಯಿರಿ. ಬೆಳ್ಳಗೆ ಮಾಡೆಂಬ ಆ ಒಂದು ಮಾತನ್ನು ಮಾತ್ರ ದಯವಿಟ್ಟು ಆಡಬೇಡಿ.