ಪಿಪಿಟಿ ಬಿಡಿ, ಥರ್ಮಾಮೀಟರ್ ಹಿಡಿಯಿರಿ

"ಮಕ್ಕಳ ಡಾಕ್ಟರಾಗೋ ಪಿಜಿಗಳಿಗೆ ಕ್ವಾಲಿಟಿ ಇಂಪ್ರೂವ್‌ಮೆಂಟ್ ಯಾಕ್ರೀ? ಅದೆಲ್ಲ ನಿಮ್ಮ ಕಂಪನಿಗಳ ನಾಟಕ" ಅಂತ ನಗೋರಿದ್ದಾರೆ. ಆಡಿಟ್ ಹಿಂದಿನ ರಾತ್ರಿ ಫೈಲು ತುಂಬೋದೇ ಕ್ವಾಲಿಟಿ ಅನ್ನೋದಾದ್ರೆ ನಾನೂ ನಗ್ತೀನಿ. ಸಾಫ್ಟ್‌ವೇರಿನವರು ಅದನ್ನ ಬೇಕಾದಷ್ಟು ನೋಡಿದ್ದೀವಿ.

ಆದರೆ ನಮ್ಮ ಮುದಗಲ್ ನೆನೆಸ್ಕೊಳ್ಳಿ. ಜಿಲ್ಲಾ ಕೇಂದ್ರ ರಾಯಚೂರಿಗೆ ನೂರು ಕಿಲೋಮೀಟರಿಗೂ ಜಾಸ್ತಿ. ತೂಕ ಕಡಿಮೆಯಿರೋ ಕೂಸು ದಾರೀಲೇ ತಣ್ಣಗಾಗಬಹುದು, ಜೀವಕ್ಕೇ ಕುತ್ತು. ನವಜಾತ ಶಿಶುವಿನ ಮೈ 36.5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳೀಬಾರದು ಅಂತ ಪಿಜಿಗಳು ಪರೀಕ್ಷೆಯಲ್ಲಿ ಬರೀತಾರೆ. ಹೋದ ತಿಂಗಳು ನಿಮ್ಮ ವಾರ್ಡಿಗೆ ಬಂದವರಲ್ಲಿ ಎಷ್ಟು ಕೂಸು ತಣ್ಣಗಿದ್ವು ಅಂತ ಕೇಳಿ ನೋಡಿ!

ಡೆಮಿಂಗ್ ಪ್ರಚಾರ ಮಾಡಿದ ವಿಧಾನ ಇಷ್ಟೇ: ಕೂಸು ಬಂದ ಕೂಡಲೇ ಉಷ್ಣತೆ ಬರೆದಿಡಿ. ಕಳಿಸೋ ಆಸ್ಪತ್ರೆಯವರ ಜೊತೆ ಒಂದೇ ಒಂದು ಬದಲಾವಣೆ ಮಾಡಿ: ಒಣಗಿಸಿ, ಕುಲಾವಿ ಹಾಕಿ, ಸಾಧ್ಯವಿದ್ದರೆ ತಾಯಿಯ ಮೈಗೆ ಮೈ ತಾಗಿಸಿ ಕಳಿಸೋದು. ಐದು ಕೂಸುಗಳಲ್ಲಿ ನೋಡಿ. ಫಲ ಸಿಕ್ಕರೆ ಮುಂದುವರಿಸಿ, ಇಲ್ಲಾಂದ್ರೆ ಬೇರೆ ಹುಡುಕಿ. ಪಿಪಿಟಿ ತೋರಿಸಿ ಸರ್ಟಿಫಿಕೇಟ್ ಹಂಚಿದರೆ ಇದು ಬರಲ್ಲ.

ಪಿಜಿಗಳು ಮೂರು ತಿಂಗಳು ಜಿಲ್ಲಾ ಆರೋಗ್ಯ ವ್ಯವಸ್ಥೆಯಲ್ಲಿ ದುಡೀಬೇಕು ಅನ್ನೋ ನಿಯಮ 2020ರಲ್ಲೇ ಬಂದಿದೆ. ಅದನ್ನ ಬರೀ ನೈಟ್ ಡ್ಯೂಟಿ ತುಂಬೋಕೆ ಬಳಸಬೇಡಿ. ನರ್ಸ್, ಆಂಬ್ಯುಲೆನ್ಸ್ ಡ್ರೈವರ್ ಜೊತೆ ಕೂತು ಇಂಥದ್ದೊಂದು ಮಾಡಿಸಿ, ಅಂಕಾನೂ ಕೊಡಿ.

"ಸಿಬ್ಬಂದಿಯೇ ಇಲ್ವಲ್ಲ" ಅಂತೀರಾ? ನಿಜ. ಆದರೆ ಸರ್ಕಾರದ ಹತ್ರ ಸಿಬ್ಬಂದಿ ಕೇಳೋಕೂ ಲೆಕ್ಕ ಬೇಕು ಸ್ವಾಮಿ. ಬರೀ ಗೋಳಾಡಿದರೆ ಫೈಲು ಕದಲಲ್ಲ.

ಏನಂತೀರಿ?