ಹೊಲದ ಸುದ್ದಿ ಹೊಲದವನಿಗೇ ಕೊನೆಗೆ

ಗುಪ್ತಚರ್ಯೆ ಎಂದರೆ ಕಳ್ಳಹೆಜ್ಜೆ, ಕದ್ದ ಕಾಗದ ಎಂಬುದು ಚಲನಚಿತ್ರಗಳು ಕೊಟ್ಟ ಕಲ್ಪನೆ. ಸರ್ಕಾರಗಳೂ ಕಂಪನಿಗಳೂ ಯಾರು ಬೇಕಾದರೂ ನೋಡಬಹುದಾದ ಪತ್ರಿಕೆ, ಬಾನುಲಿ, ಮಳೆಯ ಲೆಕ್ಕ, ಮಾರುಕಟ್ಟೆ ಧಾರಣೆ, ಉಪಗ್ರಹ ಚಿತ್ರಗಳಿಂದಲೂ ಅಪಾರ ತಿಳಿವಳಿಕೆ ಹೆಕ್ಕುತ್ತವೆ. ಪರದೇಶಗಳ ಬಾನುಲಿಯನ್ನು ಆಲಿಸಿ ವರದಿ ಮಾಡಲೆಂದೇ ಅಮೆರಿಕ 1941ರಲ್ಲಿ ಒಂದು ಕಚೇರಿ ತೆರೆಯಿತು. ಇಂಥ ಬಹಿರಂಗ ಮಾಹಿತಿಯ ಮೌಲ್ಯವನ್ನು ಆಡಳಿತ, ವಾಣಿಜ್ಯಗಳ ಪಂಡಿತರು ಕೊಂಡಾಡುತ್ತಾರೆ. ಯಾರ ಹೊಲ, ಯಾರ ಕಾಡು ಆ ಮಾಹಿತಿಯ ಮೂಲವೋ ಅವರ ಪಾಲೇನೆಂದು ಮಾತ್ರ ಕೇಳುವುದಿಲ್ಲ.

1972ರಲ್ಲಿ ಸೋವಿಯತ್ ಒಕ್ಕೂಟದ ಬೆಳೆ ನೆಲಕಚ್ಚಿತು. ಅದರ ಖರೀದಿದಾರರು ಅಮೆರಿಕದ ಧಾನ್ಯ ಕಂಪನಿಗಳೊಡನೆ, ಒಂದಕ್ಕೆ ತಿಳಿಯದಂತೆ ಇನ್ನೊಂದರೊಡನೆ, ವ್ಯವಹಾರ ಕುದುರಿಸಿ ಕೆಲವೇ ವಾರಗಳಲ್ಲಿ ಒಂದು ಕೋಟಿ ಟನ್ನಿಗೂ ಮಿಕ್ಕ ಗೋಧಿ ಕೊಂಡರು. ಬೆಳೆಹಾನಿಯನ್ನಾಗಲಿ ಖರೀದಿಯ ಗಾತ್ರವನ್ನಾಗಲಿ ಸರಿಯಾಗಿ ಅಳೆಯದ ಅಮೆರಿಕ ಸರ್ಕಾರ ಆ ರಫ್ತಿಗೆ ಸಹಾಯಧನವನ್ನೂ ಸುರಿಯಿತು! ವರ್ಷ ಕಳೆಯುವಷ್ಟರಲ್ಲಿ ಗೋಧಿಯ ಬೆಲೆ ಇಮ್ಮಡಿ ಮೀರಿತು. ಆದರೆ ಟೆಕ್ಸಾಸ್, ಒಕ್ಲಹೋಮಾಗಳ ಎಷ್ಟೋ ರೈತರು ಬೇಸಿಗೆಯ ಕೊಯ್ಲಿನ ಬೆನ್ನಿಗೇ ಹಳೆಯ ಬೆಲೆಗೆ ಮಾರಿ ಕೈತೊಳೆದುಕೊಂಡಿದ್ದರು. ತೋಟವನ್ನು ಚೇಣಿಗೆ ಕೊಟ್ಟ ಮೇಲೆ ಅಡಿಕೆ ಧಾರಣೆ ಏರಿದ್ದನ್ನು ಕಂಡ ಮಲೆನಾಡಿಗನಿಗೆ ಈ ಸಂಕಟವನ್ನು ವಿವರಿಸಬೇಕಿಲ್ಲ.

ಪೆಟ್ಟು ತಿಂದ ಆ ದೇಶ ಬೀಗ ಹುಡುಕಲಿಲ್ಲ, ಬಾಗಿಲು ತೆರೆಯಿತು. ರಫ್ತು ಒಪ್ಪಂದಗಳನ್ನು ವಾರವಾರವೂ ವರದಿ ಮಾಡಬೇಕೆಂದು 1973ರಲ್ಲಿ ಕಾನೂನಾಯಿತು. ಆ ಲೆಕ್ಕ ಎಲ್ಲರಿಗೂ ಪ್ರಕಟವಾಗತೊಡಗಿತು. ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳಿಗೆ ಮಾತ್ರ ಬಹುಕಾಲ ಬೆಲೆಯಿತ್ತು. ಒಂದಕ್ಕೆ 600 ಡಾಲರ್ ಇದ್ದುದನ್ನು 2008ರಲ್ಲಿ ಉಚಿತಗೊಳಿಸಿದರು. 2011ರ ಒಂದೇ ವರ್ಷದಲ್ಲಿ ಅವುಗಳಿಂದ ದೊರೆತ ಪ್ರಯೋಜನ 219 ಕೋಟಿ ಡಾಲರ್ ಎಂದು ಅಲ್ಲಿನ ಭೂಸರ್ವೇಕ್ಷಣಾ ಸಂಸ್ಥೆಯೇ ಅಂದಾಜಿಸಿತು. ಹಂಚಿದಷ್ಟೂ ಹೆಚ್ಚುವ ಸಂಪತ್ತು ಇದೆಂಬುದಕ್ಕೆ ಇನ್ನಾವ ಪುರಾವೆ ಬೇಕು?

ನಮ್ಮಲ್ಲಿ ನಡೆದದ್ದು ಇದಕ್ಕೆ ವಿರುದ್ಧ. ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಪಶ್ಚಿಮಘಟ್ಟ ತಜ್ಞರ ಸಮಿತಿ 2011ರ ಆಗಸ್ಟ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯಕ್ಕೆ ವರದಿ ಸಲ್ಲಿಸಿತು. ಬೆಟ್ಟದ ಎತ್ತರ, ಇಳಿಜಾರು, ಕಾಡು, ಜೀವಿಗಳ ಬಗ್ಗೆ ಅದಾಗಲೇ ಲಭ್ಯವಿದ್ದ ಮಾಹಿತಿಯನ್ನು ಬಹುಮಟ್ಟಿಗೆ ಕಲೆಹಾಕಿ ಹೆಣೆದ ವರದಿ ಅದು. ಅದರ ಮೇಲೆ ಗ್ರಾಮಸಭೆಗಳು ಚರ್ಚಿಸಬೇಕೆಂಬುದು ಸಮಿತಿಯ ಆಶಯ. ಕೇರಳದ ನಾಗರಿಕರೊಬ್ಬರು ಮಾಹಿತಿ ಹಕ್ಕಿನಡಿ ಪ್ರತಿ ಕೇಳಿದಾಗ ಸಚಿವಾಲಯ ನಿರಾಕರಿಸಿತು. 2012ರ ಏಪ್ರಿಲ್‌ನಲ್ಲಿ ಕೇಂದ್ರ ಮಾಹಿತಿ ಆಯೋಗ ಆದೇಶಿಸಿದರೂ ಮಣಿಯದೆ ದೆಹಲಿ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿ ಸೋತ ಬಳಿಕವೇ, ಆ ಮೇ ತಿಂಗಳಲ್ಲಿ, ವರದಿ ಹೊರಬಿತ್ತು.

ಪ್ರಕಟಿಸಿದರೆ ಜನ ತಪ್ಪು ತಿಳಿದುಕೊಳ್ಳುತ್ತಾರೆ ಎನ್ನುವವರಿದ್ದಾರೆ. ಪ್ರಕಟಿಸದಿದ್ದುದರಿಂದ ಆದದ್ದೇನು? ಬರಿದಾಗಿದ್ದ ಆ ಒಂಬತ್ತು ತಿಂಗಳ ಜಾಗವನ್ನು ವದಂತಿ ತುಂಬಿತು. ಹೊರಬಂದ ವರದಿಯೂ ಇಂಗ್ಲಿಷಿನಲ್ಲಿ, ನೂರಾರು ಪುಟಗಳಲ್ಲಿ. ಓದದೆಯೇ ವಿರೋಧಿಸಿದ ಹಳ್ಳಿಗನನ್ನು ಹಳಿಯುವ ಮೊದಲು, ಅವನ ಕೈಗೆ ಓದಲು ಏನು ಕೊಟ್ಟಿದ್ದರೆಂದು ಹೇಳಲಿ.

2024ರ ಜುಲೈ 31ರಂದು ಹೊರಬಂದ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಆಕ್ಷೇಪಕ್ಕೆ ಕೊಟ್ಟ ಅವಕಾಶ 60 ದಿನ. ಇಂಥ ಪ್ರತಿ ಕರಡಿನೊಂದಿಗೆ ಸರ್ವೆ ನಂಬರು ಸಹಿತ ನಕ್ಷೆಯೂ ಅದಕ್ಕೆ ಆಧಾರವಾದ ಅಂಕಿಅಂಶಗಳೂ ಕನ್ನಡದಲ್ಲಿ ಗ್ರಾಮ ಪಂಚಾಯತಿಯ ಗೋಡೆಗೆ ಬರಬೇಕು. ಗಡುವಿನ ಎಣಿಕೆ ಆ ದಿನದಿಂದ ಆರಂಭವಾಗಲಿ.