ನದಿ ಕರೆಂಟು ಅಗ್ಗ, ಕಡಲ ಕರೆಂಟು ದುಬಾರಿ... ಯಾರ ಲೆಕ್ಕದಲ್ಲಿ?

ನೀರಿನ ಕರೆಂಟಿನಷ್ಟು ಅಗ್ಗದ್ದು ಬೇರೆ ಇಲ್ಲ ಅಂತ ಚಿಕ್ಕಂದಿನಿಂದ ಕೇಳಿದ್ದೇವೆ. ಕಲ್ಲಿದ್ದಲು ಬೇಡ, ಹೊಗೆ ಇಲ್ಲ, ಮಳೆ ಬಂದರಾಯಿತು. ಅದೇ ಸಮುದ್ರದಿಂದ ಕರೆಂಟು ತೆಗೆಯುವ ಮಾತೆತ್ತಿ ನೋಡಿ, "ಅದು ಬಿಳಿ ಆನೆ ಕಣ್ರೀ" ಅಂತಾರೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನೇ ನೋಡಿದ ನನಗೆ ಒಂದು ಅನುಮಾನ. ಎರಡಕ್ಕೂ ನಾವು ಒಂದೇ ರೀತಿ ಲೆಕ್ಕ ಹಾಕಿದ್ದೇವೆಯೇ?

ಕಡಲಿನ ಫೈಲು ಮೊದಲು ತೆಗೆಯೋಣ. ಕೇರಳದ ವಿಳಿಂಞಂನಲ್ಲಿ 1991ರಲ್ಲಿ ಅಲೆಯಿಂದ ಕರೆಂಟು ತೆಗೆಯುವ 150 ಕಿಲೋವಾಟ್ ಘಟಕ ಬಂತು. ಕಾಂಕ್ರೀಟ್ ಕೋಣೆಯೊಳಗೆ ಅಲೆ ಏರಿ ಇಳಿದಂತೆ ಗಾಳಿ ನುಗ್ಗಿ ಟರ್ಬೈನ್ ತಿರುಗಿಸುತ್ತಿತ್ತು. ಅದು ಪ್ರಯೋಗವಾಗಿಯೇ ಮುಗಿಯಿತು. ತೂತುಕುಡಿ ಬಳಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಸಮುದ್ರದ ಶಾಖದಿಂದ 1 ಮೆಗಾವಾಟ್ ತೆಗೆಯಲು ಹೊರಟಿತು. ಮೇಲಿನ ಬಿಸಿನೀರಿಗೂ ಆಳದ ತಣ್ಣೀರಿಗೂ ಇರುವ ವ್ಯತ್ಯಾಸವೇ ಅಲ್ಲಿ ಬಂಡವಾಳ. ಆದರೆ ತಣ್ಣೀರು ಎತ್ತುವ ಉದ್ದನೆಯ ಪೈಪು ಇಳಿಸುವ ಕೆಲಸವೇ ಕೈಗೂಡಲಿಲ್ಲ. ಕಛ್ ಕೊಲ್ಲಿಯಲ್ಲಿ 2011ರಲ್ಲಿ ಘೋಷಿಸಿದ 50 ಮೆಗಾವಾಟ್ ಉಬ್ಬರವಿಳಿತದ ಯೋಜನೆ ಕಾಗದದಲ್ಲೇ ಉಳಿಯಿತು. ಇಂಥ ಫೈಲು ನನ್ನ ಮೇಜಿಗೆ ಬಂದಿದ್ದರೆ ನಾನೂ ಸಾಲ ಮಂಜೂರು ಮಾಡುತ್ತಿರಲಿಲ್ಲ.

ಸರಿ, ಶರಾವತಿಯ ಫೈಲು? ಲಿಂಗನಮಕ್ಕಿ ಅಣೆಕಟ್ಟು 1964ರದು. ಅದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಸಿಮೆಂಟು, ಕಬ್ಬಿಣ, ಯಂತ್ರ ಎಲ್ಲವೂ ಖರ್ಚಿಗೆ ಬಿದ್ದವು. ಮುಳುಗಿದ ತೋಟ, ಗದ್ದೆ, ಮನೆ? ಒಂದಿಷ್ಟು ಪರಿಹಾರ ಬರೆದು ಖಾತೆ ಮುಚ್ಚಿದರು. ಎಬ್ಬಿಸಿ ಕಾಡಿನ ಜಾಗದಲ್ಲಿ ಕೂರಿಸಿದ ಎಷ್ಟೋ ಕುಟುಂಬಗಳಿಗೆ ಅರವತ್ತು ವರ್ಷವಾದರೂ ಹಕ್ಕುಪತ್ರ ಸಿಕ್ಕಿಲ್ಲ. ಪತ್ರವಿಲ್ಲದ ಜಮೀನನ್ನು ಅಡ ಇಟ್ಟುಕೊಳ್ಳುವ ಬ್ಯಾಂಕು ಯಾವುದು ಸ್ವಾಮಿ? ನಾಡಿಗೆಲ್ಲ ಬೆಳಕು ಕೊಟ್ಟವರು ಸಾಲಕ್ಕೂ ಅರ್ಹರಲ್ಲ!

ಮುಂಬಯಿಯಲ್ಲಿರುವ ನಾವು "ಅದು ಊರಿನ ಸಂಗತಿ" ಅಂದು ಕೈ ತೊಳೆದುಕೊಳ್ಳುವ ಹಾಗಿಲ್ಲ. ಇಲ್ಲಿನ ಗಿರಣಿಗಳಿಗೆ 1915ರಿಂದ ಕರೆಂಟು ಕೊಟ್ಟದ್ದು ಖೋಪೋಲಿ. ಮುಂದೆ ಮುಳಶಿಯಲ್ಲಿ ಅಣೆಕಟ್ಟೆಂದಾಗ 1921ರಲ್ಲಿ ಅಲ್ಲಿನ ರೈತರು ಸತ್ಯಾಗ್ರಹ ಹೂಡಿದರು, ಸೇನಾಪತಿ ಬಾಪಟರು ಮುಂದಾಳಾದರು. ಅಣೆಕಟ್ಟು ಎದ್ದಿತು, ಊರುಗಳು ಮುಳುಗಿದವು. ಈ ಊರಿನ ದೀಪಗಳಲ್ಲಿ ಆ ರೈತರ ಪಾಲೂ ಇದೆ.

ಹಾಗಾದರೆ ನದಿ ಕರೆಂಟು ಅಗ್ಗವಾದದ್ದು ಹೇಗೆ? ಅರ್ಧ ಖರ್ಚನ್ನು ಬೇರೆಯವರ ಖಾತೆಗೆ ಬರೆದದ್ದರಿಂದ. ಕಡಲಿನದು ದುಬಾರಿ ಕಾಣುವುದು ಅದರ ಹೆಚ್ಚಿನ ಖರ್ಚು ನಮ್ಮ ಪುಸ್ತಕದಲ್ಲೇ ಇರುವುದರಿಂದ. ಕಡಲೇನೂ ಪುಕ್ಕಟೆಯಲ್ಲ. ಫ್ರಾನ್ಸಿನ ರಾನ್ಸ್ ನದೀಮುಖದಲ್ಲಿ 1966ರಿಂದ 240 ಮೆಗಾವಾಟಿನ ಉಬ್ಬರವಿಳಿತದ ಕೇಂದ್ರ ನಡೆಯುತ್ತಿದೆ, ಆದರೆ ಅದನ್ನು ಕಟ್ಟುವಾಗ ವರ್ಷಗಟ್ಟಲೆ ಸಮುದ್ರದ ನೀರು ತಡೆದದ್ದರಿಂದ ಅಲ್ಲಿನ ಜಲಜೀವಿಗಳು ಸತ್ತವು. ಆ ಖರ್ಚನ್ನೂ ಬರೆಯಬೇಕು.

ಕಡಲಿನ ಪ್ರಯೋಗಗಳೆಲ್ಲ ನೀರುಪಾಲಾದವು ಅನ್ನುವುದೂ ತಪ್ಪು. ಚೆನ್ನೈನ ಅದೇ ಸಂಸ್ಥೆ 2005ರಲ್ಲಿ ಲಕ್ಷದ್ವೀಪದ ಕವರತ್ತಿಯಲ್ಲಿ ಮೇಲಿನ ಬಿಸಿನೀರನ್ನು ಆವಿ ಮಾಡಿ, ಆಳದ ತಣ್ಣೀರಿನಿಂದ ತಣಿಸಿ, ದಿನಕ್ಕೆ ಒಂದು ಲಕ್ಷ ಲೀಟರ್ ಕುಡಿಯುವ ನೀರು ಕೊಡುವ ಘಟಕ ಕಟ್ಟಿತು. ಡೀಸೆಲ್ಲು ಹಡಗಿನಲ್ಲಿ ಬರುವ ದ್ವೀಪಗಳಲ್ಲಿ ಇಂಥದಕ್ಕೆ ಸರ್ಕಾರ ಸಂಶೋಧನೆಯ ಹಣ ಹಾಕಲಿ, ಬಡ್ಡಿ ಎಣಿಸದೆ.

ಈಗ ಶರಾವತಿ ಕಣಿವೆಯಲ್ಲೇ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪವಿದೆ. ಬೇಕೋ ಬೇಡವೋ, ಎಂಜಿನಿಯರುಗಳೂ ಕಾಡು ಬಲ್ಲವರೂ ವಾದ ಮಾಡಲಿ. ನನ್ನದು ಬ್ಯಾಂಕಿನವನ ಒಂದೇ ಮಾತು. ಹಳೇ ಬಾಕಿ ತೀರಿಸದವರಿಗೆ ಹೊಸ ಸಾಲವಿಲ್ಲ. ಮೊದಲು ಆ ಹಕ್ಕುಪತ್ರಗಳನ್ನು ಕೊಟ್ಟು ಬನ್ನಿ, ಆಮೇಲೆ ಹೊಸ ಫೈಲು ತೆರೆಯೋಣ.

ನೀವೇನಂತೀರಿ?